ಜರಡಿಯಲ್ಲಿ ಸಿಕ್ಕಿಕೊಂಡ ಮೂರು ಮಾತು

ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಅಲ್ಲಿ ಎಲ್ಲರೂ ಅವರನ್ನು ಕರಡಕ್ಕ ಎನ್ನುತ್ತಿದ್ದರು. ಅವರು ಸಿಟ್ಟಾದ ದಿನ, ಬೆನ್ನ ಹಿಂದೆ, ಅದು ಕರಡಿಯಕ್ಕ ಆಗುತ್ತಿತ್ತು. ಬೆನ್ನ ಹಿಂದೆ ಆಡಿದ್ದು ಅವರಿಗೆ ಕೇಳಿಸದೆ ಹೋದದ್ದು ಆಮೇಲಿನ ಮಾತು. ಮೊದಲು ಚೆನ್ನಾಗಿಯೇ ಕೇಳಿಸುತ್ತಿತ್ತು, ಕೇಳಿಸಿಕೊಂಡು ಅವರೂ ನಗುತ್ತಿದ್ದರು.

ಆ ಕಾಲದಲ್ಲಿ ಕರಡು ತಿದ್ದುವುದು ಇಬ್ಬರು ಕೂತು ಮಾಡುವ ಕೆಲಸ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಾಡಿಸುತ್ತ ತಪ್ಪಿಗೆ ಗುರುತು ಹಾಕಬೇಕು. ಅತ್ತಿಗೆಯ ಜೊತೆ ಓದುತ್ತಿದ್ದವರು ಒಬ್ಬ ಸಣಕಲು ಮನುಷ್ಯ; ಶಾಲೆಯ ಭೂಗೋಳದ ಪುಸ್ತಕವನ್ನೂ ನಾಟಕದ ಹಾಗೆ ಓದುತ್ತಿದ್ದರಂತೆ. ಅತ್ತಿಗೆಗೆ ಮೂವತ್ತೆಂಟು ವರ್ಷವಾಗಿದ್ದಾಗ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಕಿವಿ ಹಿಡಿಯಿತು. ಮೊದಲು ಆ ಓದುಗಾರರ ಸಕಾರ ಶಕಾರಗಳು ಹೋದವು. ಆಮೇಲೆ ಪದಗಳ ಕೊನೆ ಹೋಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಎದುರಿಗೆ ಕೂತ ಮನುಷ್ಯನ ಬಾಯಿ ಮಾತ್ರ ಆಡುತ್ತಿತ್ತು, ದನಿ ಇರಲಿಲ್ಲ. ಮುದ್ರಣಾಲಯದ ಯಜಮಾನರು ಒಳ್ಳೆಯವರು. ಕೆಲಸದಿಂದ ತೆಗೆಯಲಿಲ್ಲ. ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟು, ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಬ್ಬರೇ ನೋಡಿ ಎಂದರು.

ಮನೆಯಲ್ಲಿ ನಾವು ಅಷ್ಟು ಒಳ್ಳೆಯವರಾಗಿರಲಿಲ್ಲ. ನಾನು, ನನ್ನ ಗಂಡ, ಅತ್ತೆ, ಅತ್ತಿಗೆ ಒಂದೇ ಮನೆಯಲ್ಲಿದ್ದೆವು. ಅತ್ತಿಗೆ ಮದುವೆಯಾಗಿರಲಿಲ್ಲ. ಊಟಕ್ಕೆ ಕೂತಾಗ ಏನೋ ಮಾತು ಬಂದು ಎಲ್ಲರೂ ನಗುತ್ತಿದ್ದೆವು. ಅತ್ತಿಗೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಏನಂತೆ ಎಂದು ಕೇಳುತ್ತಿದ್ದರು. ಏನಿಲ್ಲ ಬಿಡಿ ಅತ್ತಿಗೆ ಎನ್ನುತ್ತಿದ್ದೆ. ಕೆಟ್ಟ ಮನಸ್ಸಿನಿಂದಲ್ಲ. ಒಮ್ಮೆ ನಕ್ಕು ಮುಗಿದದ್ದನ್ನು ಕೂಗಿ ಕೂಗಿ ಇನ್ನೊಮ್ಮೆ ಹೇಳುವಷ್ಟರಲ್ಲಿ ಅದರ ಸೊಗಸೇ ಹೋಗಿಬಿಡುತ್ತಿತ್ತು. ಆದರೆ ವರ್ಷಗಟ್ಟಲೆ ಒಬ್ಬರಿಗೆ 'ಏನಿಲ್ಲ ಬಿಡಿ' ಎಂದು ಹೇಳಿದರೆ ಅವರು ಕೇಳುವುದನ್ನೇ ಬಿಡುತ್ತಾರೆ. ಅತ್ತಿಗೆ ಬಿಟ್ಟರು. ಊಟ ಮಾಡಿ ತಟ್ಟೆ ತೊಳೆದಿಟ್ಟು ತಮ್ಮ ಕೋಣೆಗೆ ಹೋಗುತ್ತಿದ್ದರು.

ಅದನ್ನು ಗಮನಿಸಿದವರು ನನ್ನ ಗಂಡ ಮಾತ್ರ. ಅವರು ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಅಕ್ಕ ಮತ್ತು ಅಕ್ಕನಂಥವರು ಬರೆದು ಮಾತಾಡಲಿ ಎಂದು ಅಂತರ್ಜಾಲದಲ್ಲಿ ಒಂದು ಚರ್ಚಾ ವೇದಿಕೆ ಕಟ್ಟಿದರು. ನಾವೆಲ್ಲ ಅದನ್ನು ಫೋರಂ ಎನ್ನುತ್ತಿದ್ದೆವು. ಹೆಸರು ಮಾತ್ರ ಅತ್ತಿಗೆಯೇ ಇಟ್ಟದ್ದು: ಕಿವಿಮಾತು. ಮೊದಲ ಪುಟದ ಮೇಲೆ ಒಂದೇ ನಿಯಮ ಬರೆದಿತ್ತು. ಇಲ್ಲಿ ಯಾರೂ ಯಾರಿಗೂ 'ಏನಿಲ್ಲ ಬಿಡಿ' ಎನ್ನಬಾರದು. ಅದನ್ನು ಓದಿದ ದಿನ ನನಗೆ ಮುಖ ಎತ್ತಲು ಆಗಲಿಲ್ಲ.

ಮೊದಲ ಆರು ತಿಂಗಳು ಅಕ್ಕ ತಮ್ಮ ಇಬ್ಬರೇ ಬರೆದುಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ನಿಲ್ಲಿಸಿ ಎಂದು ಕೂಗಿದ್ದು ಕೇಳಿಸದೆ ಮೂರು ಸಲ ನಿಲ್ದಾಣ ದಾಟಿಸಿ ಬೈಸಿಕೊಂಡ ಬಸ್ ಕಂಡಕ್ಟರ್, ಮಕ್ಕಳ ಪ್ರಶ್ನೆ ಕೇಳಿಸದೆ ಕೆಲಸ ಬಿಟ್ಟ ಟೀಚರಮ್ಮ, ಇಂಥವರು. ಐದು ವರ್ಷದಲ್ಲಿ ಆರುನೂರು ಜನರಾದರು. ಕಿವಿಯ ಯಂತ್ರದ ಬ್ಯಾಟರಿ ಎಲ್ಲಿ ಸಿಗುತ್ತದೆ, ಸಭೆಯಲ್ಲಿ ಎಲ್ಲಿ ಕೂತರೆ ಎಲ್ಲರ ತುಟಿ ಕಾಣುತ್ತದೆ ಎಂಬಂಥ ಉಪಯೋಗದ ಮಾತುಗಳ ನಡುವೆ ಹರಟೆಯೇ ಹೆಚ್ಚು. 'ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ನನ್ನ ಮುಂದೆ ಇದುವರೆಗೂ ಯಾರೂ ಬಾರಿಸಿಲ್ಲ' ಎಂದು ಒಬ್ಬರು ಬರೆದರೆ, 'ಬಾರಿಸಿದ್ದಾರೆ, ನಿಮಗೆ ಕೇಳಿಸಿಲ್ಲ' ಎಂದು ಇನ್ನೊಬ್ಬರು. ಅತ್ತಿಗೆ ಕೋಣೆಯಲ್ಲಿ ಒಬ್ಬರೇ ನಗುವ ಸದ್ದು ನನ್ನ ಹೊಲಿಗೆ ಕೋಣೆಗೆ ಕೇಳಿಸುತ್ತಿತ್ತು. ಎಷ್ಟು ಗಟ್ಟಿಯಾಗಿ ನಗುತ್ತಿದ್ದೇನೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಬಂದವರಲ್ಲಿ ಗಡಿಯಾರದ ಮಾಮ ಎಂದು ಎಲ್ಲರೂ ಕರೆಯುತ್ತಿದ್ದವರು ಒಬ್ಬರು. ಒಂದು ಅಂಗಡಿ ಬೀದಿಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು, ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸ. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮಗಳು ಬೇರೆ ಬಡಾವಣೆಯಲ್ಲಿ ಸಂಸಾರ ಹೂಡಿದ್ದಳು. ಅವರಿಗೆ ಟಿಕ್ ಟಿಕ್ ಕೇಳಿಸುತ್ತಿರಲಿಲ್ಲ. ಗಡಿಯಾರವನ್ನು ಹಲ್ಲಿಗೆ ತಾಗಿಸಿಕೊಂಡು ನಡೆಯುತ್ತಿದೆಯೋ ಇಲ್ಲವೋ ತಿಳಿಯುತ್ತಿದ್ದರು. ಬಾಗಿಲ ಗಂಟೆ ಒತ್ತಿದರೆ ದೀಪ ಹತ್ತುವ ಹಾಗೆ ಮಾಡುವುದನ್ನು ಚಿತ್ರ ಬರೆದು ಎಲ್ಲರಿಗೂ ಕಲಿಸಿದವರು ಅವರೇ. ನಮ್ಮ ಮನೆಗೂ ಅಂಥದೊಂದು ದೀಪ ಬಂತು. ಬಂದ ಹೊಸದರಲ್ಲಿ ಅವರು ಒತ್ತಕ್ಷರ ಬಿಟ್ಟು ಬರೆಯುತ್ತಿದ್ದರಂತೆ. ಅತ್ತಿಗೆ ಒಮ್ಮೆ ನಯವಾಗಿ ತಿದ್ದಿದರು. ಅಲ್ಲಿಂದ ಮುಂದೆ ಅವರು ಒಂದೂ ತಪ್ಪು ಮಾಡಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು 'ಕರಡಕ್ಕ, ಇದ್ದೀರಾ?' ಎಂದು ಬರೆಯುವುದು ಅವರ ರೂಢಿ. ಅತ್ತಿಗೆ 'ಇದ್ದೇನೆ' ಎಂದು ಬರೆದು ಕೆಲಸಕ್ಕೆ ಹೊರಡುತ್ತಿದ್ದರು.

ಫೋರಂ ಶುರುವಾದ ಎಂಟನೆಯ ವರ್ಷ ನನ್ನ ಗಂಡ ಹೋದರು. ಮಧ್ಯಾಹ್ನ ಪ್ರಯೋಗಾಲಯದ ಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ. ನಲವತ್ತೇಳು ವಯಸ್ಸು. ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದು ತಿಂಗಳಾದ ಮೇಲೆ ಅತ್ತಿಗೆ ನನ್ನ ಬಳಿ ಬಂದು ತಮ್ಮನ ನೋಟ್‌ಬುಕ್ ಇದೆಯೇ ಎಂದು ಕೇಳಿದರು. ಫೋರಂ ಎರಡು ದಿನದಿಂದ ತೆರೆಯುತ್ತಿರಲಿಲ್ಲ. ಸದಸ್ಯರು ಮಿಂಚಂಚೆಯಲ್ಲಿ ಅವರನ್ನು ಕೇಳುತ್ತಿದ್ದರು. ನೋಟ್‌ಬುಕ್ ಕೊಟ್ಟೆ. ಯಾರಿಗಾದರೂ ಹೇಳಿಕೊಡಲು ಬರೆದದ್ದಲ್ಲ ಅದು, ತಮಗೇ ನೆನಪಿರಲೆಂದು ಗೀಚಿಕೊಂಡದ್ದು. ಅರ್ಧ ಅರ್ಥವಾಗುತ್ತಿರಲಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಅತ್ತಿಗೆ ಸರ್ವರ್, ಬ್ಯಾಕಪ್ ಎಂಬ ಮಾತುಗಳನ್ನು ಕಲಿಯಲು ಕೂತರು. ಫೋರಂ ಇದ್ದದ್ದು ಒಂದು ಕಂಪನಿಯ ಯಂತ್ರದಲ್ಲಿ, ಅದೇ ಸರ್ವರ್. ಅದರಲ್ಲಿದ್ದುದಕ್ಕೆ ಇನ್ನೊಂದು ಪ್ರತಿ ತೆಗೆದಿಡುವುದು ಬ್ಯಾಕಪ್. ಕೋಡ್ ಎಂಬುದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದು, ಕೆಂಪು ಪೆನ್ನು ಹಿಡಿದು, ಕರಡಿನ ಹಾಗೆ ಓದಿದರು. ಮೂರನೆಯ ದಿನ ಹೊರಗೆ ಬಂದು, ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು, ಅಷ್ಟೇ, ಎಂದರು. ಫೋರಂ ತೆರೆದುಕೊಂಡಿತು. ತಮ್ಮ ಸತ್ತಾಗ ನಾಲ್ಕು ಜನರೆದುರು ಅಳದಿದ್ದವರು ಆವತ್ತು ನನ್ನ ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟು ಅತ್ತರು.

ಆಮೇಲಿನದು ಒಂದಲ್ಲ ಒಂದು ಕಾಟ. ಹಳೆಯ ಮನೆಯ ಸೂರಿನ ಹಾಗೆ, ಇಲ್ಲಿ ಮುಚ್ಚಿದರೆ ಅಲ್ಲಿ ಸೋರುತ್ತಿತ್ತು. ಚಿತ್ರ ಹಾಕಿದರೆ ಕಾಣುವುದಿಲ್ಲ, ಗುಪ್ತಪದ ಮರೆತವರಿಗೆ ಹೊಸದು ಹೋಗುವುದಿಲ್ಲ. ಒಂದು ವರ್ಷ ಎಲ್ಲಿಂದಲೋ ಜಾಹೀರಾತಿನ ಕಸ ಬಂದು ತುಂಬಿತು, ದಿನಕ್ಕೆ ಸಾವಿರ, ಗೊತ್ತಿಲ್ಲದ ಭಾಷೆಗಳಲ್ಲಿ. ಅದನ್ನು ತಡೆಯಲು ಅತ್ತಿಗೆ ಒಂದು ಜರಡಿ ಹಾಕಿದರು. ಬರಹದಲ್ಲಿ ಫೋನ್ ಸಂಖ್ಯೆಯೋ ಬೇರೆ ತಾಣದ ವಿಳಾಸವೋ ಇದ್ದರೆ ಜರಡಿ ಅದನ್ನು ಹಿಡಿದಿಡುತ್ತದೆ. ಅತ್ತಿಗೆಗೆ ಒಂದು ಮೇಲ್ ಬರುತ್ತದೆ. ಅವರು ನೋಡಿ ಸರಿ ಎಂದ ಮೇಲೆ ಎಲ್ಲರಿಗೂ ಕಾಣುತ್ತದೆ. ಅಲ್ಲಿಯವರೆಗೆ ಆ ಸದಸ್ಯ, ಖಾಸಗಿ ಸಂದೇಶ ಬಿಟ್ಟು, ಮತ್ತೇನು ಬರೆದರೂ ಅದೂ ಜರಡಿಯಲ್ಲೇ. ಕಸ ನಿಂತಿತು. ಎಲ್ಲರೂ ಕರಡಕ್ಕನನ್ನು ಹೊಗಳಿದರು.

ಹದಿನೇಳನೆಯ ವರ್ಷ, ಅತ್ತಿಗೆ ನಿವೃತ್ತರಾಗಿ ಎರಡು ವರ್ಷವಾಗಿತ್ತು, ಸರ್ವರ್ ಕಂಪನಿಯವರು ಹಳೆಯ ಯಂತ್ರ ತೆಗೆದು ಹೊಸದಕ್ಕೆ ಎಲ್ಲವನ್ನೂ ಸಾಗಿಸಿದರು. ಮರುದಿನ ನೋಡಿದರೆ ಫೋರಂ ತುಂಬ ಪ್ರಶ್ನಾರ್ಥಕ ಚಿಹ್ನೆ. ಒಂದು ಅಕ್ಷರವೂ ಉಳಿದಿರಲಿಲ್ಲ. ಅತ್ತಿಗೆಯ ಬಳಿ ಬ್ಯಾಕಪ್ ಇತ್ತು, ಆದರೆ ಎರಡು ತಿಂಗಳು ಹಳೆಯದು. ಅದನ್ನು ಹೊಸ ಯಂತ್ರಕ್ಕೆ ಹೊಂದಿಸಿ ಹಾಕಿದರು. ಉಳಿದ ಎರಡು ತಿಂಗಳ ಬರಹಗಳು ಸದಸ್ಯರಿಗೆ ಮೇಲ್‌ನಲ್ಲಿಯೂ ಹೋಗಿದ್ದವು; ಅವನ್ನು ಕೇಳಿ ತರಿಸಿಕೊಂಡು, ಏಳುನೂರು ಬರಹಗಳನ್ನು ಒಂದೊಂದಾಗಿ ಮತ್ತೆ ಅವರವರ ಹೆಸರಿನಲ್ಲಿ ಸೇರಿಸಿದರು. ಆರು ವಾರ ಹಿಡಿಯಿತು. ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ.

ಅದಾದ ಮೇಲೂ ಫೋರಂ ತಾನಾಗಿ ತೋರಿಸುವ ಸೂಚನೆಗಳು, 'ಸ್ವಾಗತ', 'ಹುಡುಕಿ', 'ನಿಮ್ಮ ಬರಹ ಪರಿಶೀಲನೆಗೆ ಹೋಗಿದೆ' ಎಂಬಂಥವು, ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಉಳಿದಿದ್ದವು. ನಲವತ್ತಾರು ಇದ್ದವು. ಅತ್ತಿಗೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಂಡರು. ದಿನಾ ಕಾಣುವಂಥವನ್ನು ಮೊದಲು ಸರಿಮಾಡಿ, ಅಪರೂಪಕ್ಕೆ ಕಾಣುವಂಥದರ ಮುಂದೆ 'ಆಮೇಲೆ' ಎಂದು ಬರೆದರು. ಹೊಸ ಯಂತ್ರದಿಂದ ಮೇಲ್‌ಗಳು ಹೊರಗೆ ಹೋಗುತ್ತಿಲ್ಲ ಎಂದು ಇಬ್ಬರು ಸದಸ್ಯರು ತಿಳಿಸಿದ್ದರು. ಅದನ್ನೂ ಪಟ್ಟಿಗೆ ಸೇರಿಸಿ 'ಆಮೇಲೆ' ಎಂದು ಬರೆದರು. ಜರಡಿ ತಮಗೆ ಕಳಿಸಬೇಕಾದದ್ದೂ ಅದೇ ಮೇಲ್ ಎಂಬುದು ಹೊಳೆಯಲಿಲ್ಲ. ಆಯಾಸವಾಗಿತ್ತು. ಹೇಗೂ ಜನ ಕಡಿಮೆಯಾಗಿದ್ದರು. ಹೆಚ್ಚಿನವರು ಫೋನಿನ ಗುಂಪುಗಳಿಗೆ ಹೋಗಿದ್ದರು. ದಿನಕ್ಕೆ ಹತ್ತು ಹನ್ನೆರಡು ಬರಹ ಬಂದರೆ ಹೆಚ್ಚು. ಜರಡಿಯಲ್ಲಿ ಏನೂ ಸಿಗದಿದ್ದರೆ ಆಶ್ಚರ್ಯಪಡುವಂಥದೇನೂ ಇರಲಿಲ್ಲ.

ಕೆಲವು ವಾರದ ಮೇಲೆ ಗಡಿಯಾರದ ಮಾಮ ನಾಲ್ಕೈದು ದಿನ ಬೆಳಿಗ್ಗೆ ಕಾಣಿಸಿಕೊಳ್ಳಲಿಲ್ಲ. ಮಗಳ ಮನೆಗೆ ಹೋಗಿರಬೇಕು, ಅಂಗಡಿ ಬೀದಿಗೆ ಮೂರು ದಿನ ರಜೆ ಎಂದಿದ್ದರು, ಎಂದು ಅತ್ತಿಗೆ ಅಂದುಕೊಂಡರು. ಹತ್ತು ದಿನದ ಮೇಲೆ ಅವರದೇ ಹೆಸರಿನ ಖಾತೆಯಿಂದ ಅತ್ತಿಗೆಗೆ ಒಂದು ಖಾಸಗಿ ಸಂದೇಶ ಬಂತು. 'ನಾನು ಅವರ ಮಗಳು. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಿದ್ದು ತಲೆಗೆ ಪೆಟ್ಟಾಗಿತ್ತು, ನಾನು ಹೋಗಿ ನೋಡುವಷ್ಟರಲ್ಲಿ ತಡವಾಗಿತ್ತು. ಅವರ ಸ್ನೇಹಿತರಿಗೆ ತಿಳಿಸಿ.' ಅಷ್ಟೇ ಇತ್ತು. ಅತ್ತಿಗೆ ಎಲ್ಲರಿಗೂ ತಿಳಿಸಿ, ಮಾಮನ ಬಗ್ಗೆ ಎರಡು ಪುಟ ಬರೆದರು. ಬಿಟ್ಟುಹೋದ ಹಳಬರೂ ಬಂದು ಎರಡೆರಡು ಸಾಲು ಬರೆದುಹೋದರು.

ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅತ್ತಿಗೆ ಪಟ್ಟಿಯ 'ಆಮೇಲೆ'ಗಳನ್ನು ಮುಗಿಸಲು ಕೂತರು. ನಾನು ಶಾಲೆಯ ಸಮವಸ್ತ್ರಗಳ ಕಾಲರ್ ಕೂಡಿಸುತ್ತಿದ್ದೆ. ಅವರ ಕೋಣೆಯಿಂದ ಒಂದು ಸದ್ದು ಬಂತು. ಅಳುವಲ್ಲ, ಮಾತೂ ಅಲ್ಲ. ಬಟ್ಟೆ ಬಿಟ್ಟು ಓಡಿದೆ.

ಜರಡಿ ಹಿಡಿದಿಟ್ಟ ಬರಹಗಳ ಪುಟ ತೆರೆದಿತ್ತು. ಹದಿನಾಲ್ಕು ಇದ್ದವು. ಹನ್ನೊಂದು ಜಾಹೀರಾತು. ಮೂರು ಗಡಿಯಾರದ ಮಾಮನವು.

ಮೊದಲನೆಯದು ರಜೆಯ ಮೊದಲ ದಿನ ಬೆಳಿಗ್ಗೆ ಬರೆದದ್ದು. 'ಮುಂಜಾನೆ ಬಚ್ಚಲಲ್ಲಿ ಜಾರಿ ಬಿದ್ದೆ. ತಲೆ ಸುತ್ತು ನಿಂತಿಲ್ಲ. ಕೈಯಲ್ಲಿದ್ದ ಫೋನು ಒಡೆಯಿತು, ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ಮೆಟ್ಟಿಲಿಳಿಯಲು ಧೈರ್ಯ ಸಾಲದು, ಇಳಿದರೂ ಬೀದಿಯಲ್ಲಿ ಯಾರೂ ಇಲ್ಲ. ದಯವಿಟ್ಟು ಯಾರಾದರೂ ನನ್ನ ಮಗಳಿಗೆ ಫೋನ್ ಮಾಡಿಸಿ, ಬರಲು ಹೇಳಿ.' ಕೆಳಗೆ ಮಗಳ ಸಂಖ್ಯೆ. ಆ ಸಂಖ್ಯೆಯನ್ನು ನೋಡಿಯೇ ಜರಡಿ ಹಿಡಿದದ್ದು.

ಎರಡನೆಯದು ಅದೇ ಸಂಜೆ. 'ಬೆಳಿಗ್ಗೆ ಬರೆದದ್ದು ಕಾಣುತ್ತಿಲ್ಲ. ಕಳಿಸಿದ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ. ನನ್ನ ಕಣ್ಣಿನ ದೋಷವೋ ಏನೋ. ಸಂಖ್ಯೆ ಮತ್ತೆ ಕೊಡುತ್ತಿದ್ದೇನೆ.'

ಮೂರನೆಯದು ಮರುದಿನ ಮಧ್ಯಾಹ್ನದ್ದು. 'ಕರಡಕ ಇದೀರ.'

ಒತ್ತಕ್ಷರಗಳಿರಲಿಲ್ಲ. ಅತ್ತಿಗೆ ತೆರೆಯ ಮೇಲೆ ಬೆರಳಿಟ್ಟು ಅದನ್ನೇ ನನಗೆ ತೋರಿಸುತ್ತಿದ್ದರು, ಅಚ್ಚಿನ ತಪ್ಪು ತೋರಿಸುವ ಹಾಗೆ. ಆಮೇಲೆ ಗೋಡೆಯ ಪಟ್ಟಿ ತೋರಿಸಿದರು. ಮೂವತ್ತೊಂದನೆಯ ಸಾಲು: 'ನಿಮ್ಮ ಬರಹ ಪರಿಶೀಲನೆಗೆ ಹೋಗಿದೆ'. ಅದರ ಮುಂದೆ ಅವರದೇ ಅಕ್ಷರದಲ್ಲಿ, 'ಆಮೇಲೆ'.

ನಾನು ಅವರ ಎದುರು ಕೂತು, ತುಟಿ ಕಾಣುವ ಹಾಗೆ ಮುಖ ತಿರುಗಿಸಿ, ನಿಧಾನವಾಗಿ ಹೇಳಿದೆ. ನನಗೆ ತೋಚಿದ್ದು ಅದು.

"ಅಳಿಸಿಬಿಡಿ ಅತ್ತಿಗೆ. ಇದು ಯಾರಿಗೂ ಗೊತ್ತಿಲ್ಲ. ಆ ಹುಡುಗಿಗೂ ಗೊತ್ತಿಲ್ಲ. ಹೋದವರು ಎದ್ದು ಬರ್ತಾರಾ?"

"ಅಳಿಸೋದಾ?" ಎಂದರು ಅತ್ತಿಗೆ. "ಅವರು ಕೊನೆಗೆ ಬರೆದಿದ್ದು ಇದೇ ಕಣೇ."

ನಾಲ್ಕು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಮೂರನ್ನೂ ಕಾಗದಕ್ಕಿಳಿಸಿ, ಆ ಮಗಳಿಗೆ ಸಂದೇಶ ಕಳಿಸಿ, ಭೇಟಿಗೆ ಸಮಯ ಕೇಳಿದರು. ಒಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ, ಜೊತೆಗೆ ಹೋದೆ. ಎರಡು ಬಸ್ಸು ಬದಲಿಸಬೇಕಾಯಿತು. ದಾರಿಯುದ್ದಕ್ಕೂ ಅವರು ಆ ಕಾಗದದ ಲಕೋಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು, ತುಂಬಿದ ಲೋಟ ಹಿಡಿದ ಹಾಗೆ.

ಮಗಳದು ಒಂದು ಔಷಧಿ ಅಂಗಡಿ. ನಲವತ್ತರ ಆಸುಪಾಸಿನ ಹೆಂಗಸು. ಅತ್ತಿಗೆ ಒಳಗೆ ಕಾಲಿಟ್ಟಾಗ ಅವಳು ಮಾತಾಡುವ ಮೊದಲು ಗಾಜಿನ ಮೇಜನ್ನು ಎರಡು ಬೆರಳಿನಿಂದ ತಟ್ಟಿ, ಬೆಳಕು ತನ್ನ ಮುಖದ ಮೇಲೆ ಬೀಳುವ ಕಡೆಗೆ ಸರಿದು ನಿಂತಳು. ಕಿವಿ ಕೇಳದ ಅಪ್ಪನ ಜೊತೆ ಬೆಳೆದವಳ ಅಭ್ಯಾಸ. ಅದನ್ನು ಕಂಡೇ ಅತ್ತಿಗೆಯ ಧೈರ್ಯ ಕುಸಿಯಿತು ಎಂದು ಕಾಣುತ್ತದೆ. ಹೇಳಬೇಕೆಂದು ಬರೆದುಕೊಂಡು ಬಂದದ್ದನ್ನೆಲ್ಲ ಮರೆತು ಲಕೋಟೆಯನ್ನು ಮುಂದಿಟ್ಟರು.

ಅವಳು ನಿಂತೇ ಓದಿದಳು. ಎರಡು ಸಲ ಓದಿದಳು. ಯಾರೋ ಕೆಮ್ಮಿನ ಔಷಧಿ ಕೇಳಲು ಬಂದರು. ಕೊಟ್ಟು, ಹೇಗೆ ಕುಡಿಯಬೇಕೆಂದೂ ಹೇಳಿ ಕಳಿಸಿದಳು. ಮತ್ತೆ ಬಂದು ಮೂರನೆಯ ಸಲ ಓದಿದಳು. ಅಷ್ಟರಲ್ಲಿ ಅತ್ತಿಗೆ ಜರಡಿಯ ವಿಷಯ, ಮೇಲ್‌ನ ವಿಷಯ, ಗೋಡೆಯ ಪಟ್ಟಿಯ ವಿಷಯ ಎಲ್ಲವನ್ನೂ ಹೇಳಿದ್ದರು. ಅಂಗಡಿಯ ಹೊರಗೆ ಹೋಗುವವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ. ನಾನು ತೋಳು ಹಿಡಿದು ಮೆಲ್ಲಗೆ ಎಂದು ಸನ್ನೆ ಮಾಡಬೇಕಾಯಿತು.

ಮಗಳು ಕಾಗದವನ್ನು ಮಡಿಚಿದಳು. ಅತ್ತಿಗೆಯ ಕಡೆ ಮುಖ ಎತ್ತಿ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ಅವರು ಬೀಳೋ ಹಿಂದಿನ ದಿನ ನಮ್ಮಿಬ್ಬರಿಗೂ ಜಗಳ ಆಗಿತ್ತು. ಅಂಗಡಿ ಮುಚ್ಚಿ ನಮ್ಮನೇಗೆ ಬನ್ನಿ ಅಂದೆ, ಒಪ್ಪಲಿಲ್ಲ. ಆಮೇಲೆ ಮೂರು ದಿನ ಫೋನ್ ನೋಡ್ಕೊಂಡು ಕೂತಿದ್ದೆ. ಅವರೇ ಮೊದಲು ಬರೀಲಿ ಅಂತ." ಮಡಿಚಿದ ಕಾಗದವನ್ನು ತೋರಿಸಿ, "ಅವರೇ ಮೊದಲು ಬರೆದಿದಾರೆ," ಎಂದಳು.

ಅತ್ತಿಗೆ ಕೇಳಬಾರದ್ದನ್ನು ಕೇಳಿದರು. ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು. ಮಗಳು ಏನೋ ಹೇಳಿದಳು. ಅತ್ತಿಗೆಗೆ ತುಟಿ ಓದಲಾಗಲಿಲ್ಲ, ಅಥವಾ ಓದಿದರೂ ನಂಬಲಾಗಲಿಲ್ಲ, ಇನ್ನೊಮ್ಮೆ ಎಂದರು. ಅವಳು ಔಷಧಿ ಹಾಕಿಕೊಡುವ ಕಾಗದದ ಚೀಲದ ಮೇಲೆ ಬರೆದು ತಿರುಗಿಸಿ ಇಟ್ಟಳು. 'ಉಳಿಯಬಹುದಿತ್ತು ಅಂದರು ಡಾಕ್ಟರು. ಖಂಡಿತ ಅಂತ ಅಲ್ಲ. ಬಹುದಿತ್ತು.'

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅತ್ತಿಗೆಯೂ ಕೇಳಲಿಲ್ಲ. ನಾವು ಹೊರಗೆ ಬಂದು ಬಸ್ ನಿಲ್ದಾಣದ ಕಡೆ ಅರ್ಧ ದಾರಿ ನಡೆದಿದ್ದೆವು. ಅವಳು ಅಂಗಡಿಯನ್ನು ಹಾಗೆಯೇ ಬಿಟ್ಟು ಹಿಂದೆ ಓಡಿಬಂದು ಅತ್ತಿಗೆಯ ಭುಜ ತಟ್ಟಿದಳು. ಅಪ್ಪ ಅಲ್ಲಿ ಇನ್ನೂ ಏನಾದರೂ ಬರೆದಿದ್ದಾರಾ ಎಂದು ಕೇಳಿದಳು. ಎರಡು ಸಾವಿರದ ಮುನ್ನೂರ ಹನ್ನೆರಡು, ಎಂದರು ಅತ್ತಿಗೆ. ಹೊರಡುವ ಮುನ್ನ ಎಣಿಸಿಕೊಂಡು ಬಂದಿದ್ದರು.

"ಮನೇಲಿ ದಿನಕ್ಕೆ ಹತ್ತು ಮಾತು ಆಡ್ತಿರಲಿಲ್ಲ ಅಪ್ಪ," ಎಂದಳು ಅವಳು. ಅಲ್ಲಿಯವರೆಗೆ ಅಳದಿದ್ದವಳು ಬೀದಿಯಲ್ಲಿ ನಿಂತು ಅಳತೊಡಗಿದಳು. "ಅದನ್ನ ಮುಚ್ಚಬೇಡಿ. ನಾನು ಓದಬೇಕು."

ನಿಜ ಹೇಳಬೇಕೆಂದರೆ ಅತ್ತಿಗೆ ಮುಚ್ಚಬೇಕೆಂದೇ ತೀರ್ಮಾನಿಸಿ ಹೋಗಿದ್ದರು. ಮುಚ್ಚಲಿಲ್ಲ. ಮನೆಗೆ ಬಂದವರು ಪಟ್ಟಿಯಲ್ಲಿ ಉಳಿದಿದ್ದುದನ್ನೆಲ್ಲ ಎರಡು ದಿನದಲ್ಲಿ ಸರಿಮಾಡಿದರು. ಎರಡೇ ದಿನದ ಕೆಲಸವಾಗಿತ್ತು ಅದು. ಅದೇ ಅವರನ್ನು ಹೆಚ್ಚು ಕೊರೆದದ್ದು. ಆಮೇಲೆ ಮಗಳ ಒಪ್ಪಿಗೆ ಪಡೆದು, ಸಂಖ್ಯೆಯನ್ನು ಮಾತ್ರ ತೆಗೆದು, ಮಾಮನ ಮೂರೂ ಬರಹಗಳನ್ನು ಮೊದಲ ಪುಟದಲ್ಲಿ ಹಾಕಿದರು. ಕೆಳಗೆ ನಡೆದದ್ದನ್ನು ಹನ್ನೆರಡು ಸಾಲಿನಲ್ಲಿ, ತಮ್ಮ ಪರವಾಗಿ ಒಂದು ಪದವನ್ನೂ ಹೇಳದೆ, ಬರೆದರು.

ಕೆಲವರು ಸಮಾಧಾನ ಹೇಳಿದರು. ಯಂತ್ರದ ತಪ್ಪಿಗೆ ನೀವೇನು ಮಾಡುತ್ತೀರಿ ಎಂದರು. ಕೆಲವರು ಏನೂ ಬರೆಯದೆ ಹೊರಟುಹೋದರು. ಮೊದಲ ವರ್ಷದಿಂದ ಇದ್ದ ಬಸ್ ಕಂಡಕ್ಟರ್ ಹೀಗೆ ಬರೆದರು: 'ಹಾಳೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೂ ಕಾಣುವ ಕಣ್ಣು ನಿಮ್ಮದು. ಇದು ಹೇಗೆ ಕಾಣಲಿಲ್ಲ ಕರಡಕ್ಕ?' ಆಮೇಲೆ ಅವರೂ ಮತ್ತೆ ಬರಲಿಲ್ಲ. ಆ ಸಾಲನ್ನು ತೆಗೆದುಬಿಡಿ ಎಂದು ನಾನು ಎಷ್ಟೋ ಸಲ ಹೇಳಿದೆ. ಸರಿಯಾಗಿಯೇ ಕೇಳಿದಾರೆ, ಇರಲಿ, ಎಂದರು.

ಜರಡಿಯನ್ನು ಕಿತ್ತುಹಾಕಿದರು. ಅಲ್ಲಿಂದ ನಾಲ್ಕು ವರ್ಷ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೂತು ಕಸವನ್ನು ಕೈಯಿಂದಲೇ ಆರಿಸಿ ತೆಗೆದರು. ಒಂದು ದಿನವೂ ಊರು ಬಿಟ್ಟು ಹೋಗಲಿಲ್ಲ. ನನ್ನ ಅಣ್ಣನ ಮಗಳ ಮದುವೆಗೂ ಬರಲಿಲ್ಲ. ಆಗ ನನಗೆ ಸಿಟ್ಟು ಬಂದಿತ್ತು. ವಾರಕ್ಕೆ ಮೂರು ಜನ ಬರುವ ಜಾಗವನ್ನು ಹೀಗೆ ಕಾಯುವುದು ಯಾವ ಪುರುಷಾರ್ಥಕ್ಕೆ ಎಂದು ಅಂದುಬಿಟ್ಟೆ. ಅವರಿಗೆ ಬೆನ್ನು ಹಾಕಿ ಅಂದದ್ದು, ಅದೊಂದೇ ಪುಣ್ಯ.

ಮಾಮನ ಮಗಳು ಓದುತ್ತಿದ್ದಳು. ದಿನಕ್ಕೆ ಎರಡೋ ಮೂರೋ. ಒಮ್ಮೊಮ್ಮೆ ಅತ್ತಿಗೆಗೆ ಸಂದೇಶ ಕಳಿಸಿ, ಇಲ್ಲಿ ಅಪ್ಪ ಹೇಳಿದ್ದು ಯಾರ ವಿಷಯ, ಈ ತಮಾಷೆ ಏನು ಎಂದು ಕೇಳುತ್ತಿದ್ದಳು. ಅತ್ತಿಗೆ ಹಳೆಯದನ್ನು ಹುಡುಕಿ ತೆಗೆದು ಉತ್ತರ ಬರೆಯುತ್ತಿದ್ದರು. ಫೋರಂನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅವಳು ಬರೆದದ್ದು ಒಂದೇ ಸಲ. ತಾನು ಚಿಕ್ಕವಳಿದ್ದಾಗ ಗಟ್ಟಿಯಾಗಿ ಪಾಠ ಓದುತ್ತಿದ್ದರೆ ಅಪ್ಪ ಬಂದು ಬೆನ್ನ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು. ಓದು ತಪ್ಪಿಸುತ್ತೇನೋ ಎಂದು ಕಾಯುತ್ತಾರೆ ಎಂದುಕೊಂಡು ಅವಳಿಗೆ ಸಿಟ್ಟು ಬರುತ್ತಿತ್ತು, ಭುಜ ಕೊಡವುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಅಪ್ಪ ಇಲ್ಲಿ ಬರೆದದ್ದು ಈಗ ಸಿಕ್ಕಿತು: ಮಗಳ ದನಿ ಹೇಗಿದೆಯೆಂದು ತನಗೆ ಕಿವಿಯಿಂದ ಗೊತ್ತಿಲ್ಲ, ಅಂಗೈಯಿಂದ ಗೊತ್ತು. 'ನನಗೆ ಇದನ್ನು ಅವರು ಹೇಳಲೇ ಇಲ್ಲ' ಎಂದು ಬರೆದು ಅವಳು ನಿಲ್ಲಿಸಿದ್ದಳು.

ಇಪ್ಪತ್ತೊಂದನೆಯ ವರ್ಷ ಸರ್ವರ್ ಕಂಪನಿಯವರಿಂದ ಪತ್ರ ಬಂತು. ಇಷ್ಟು ಹಳೆಯ ತಂತ್ರಾಂಶ ಇನ್ನು ಮುಂದೆ ತಮ್ಮ ಯಂತ್ರಗಳಲ್ಲಿ ನಡೆಯುವುದಿಲ್ಲ, ವರ್ಷದೊಳಗೆ ಬದಲಿಸಿಕೊಳ್ಳಿ ಎಂದು. ನನ್ನ ಗಂಡ ಕಟ್ಟಿದ ಫೋರಂಗೆ ಅತ್ತಿಗೆ ಎಷ್ಟು ತೇಪೆ ಹಾಕಿದ್ದರೆಂದರೆ ಅದನ್ನು ಹೊಸದಕ್ಕೆ ಸಾಗಿಸುವುದು ಆಗದ ಮಾತು. ಅವರಿಗೆ ಅರವತ್ತನಾಲ್ಕು, ಬಲಗಣ್ಣಿಗೆ ಪೊರೆ ಬಂದಿತ್ತು. ಹೊಸದಾಗಿ ಬರೆಯಲು ಆಗದಿದ್ದರೂ ಓದಲಾದರೂ ಉಳಿಯಲಿ ಎಂದು, ಇದ್ದ ಬರಹಗಳನ್ನೆಲ್ಲ ಸಾದಾ ಪುಟಗಳಾಗಿ ಮಾಡಿದರು. ನಲವತ್ತು ಸಾವಿರ ಚಿಲ್ಲರೆ ಬರಹಗಳು, ಎಂಟು ತಿಂಗಳು. ಒಂದು ಪುಟವನ್ನೂ ಕಣ್ಣಾಡಿಸದೆ ಬಿಡಲಿಲ್ಲ. ಕಣ್ಣು ನೀರು ಸುರಿಸುತ್ತಿತ್ತು; ಪೊರೆಯ ನೀರು ಎನ್ನುತ್ತಿದ್ದರು.

ಬರೆಯುವುದನ್ನು ನಿಲ್ಲಿಸುವ ದಿನವನ್ನು ಒಂದು ತಿಂಗಳು ಮೊದಲೇ ಸಾರಿದ್ದರು. ಆ ದಿನ ಮಧ್ಯಾಹ್ನ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಒಂಬತ್ತು ಜನ ಬಂದರು. ಟೀಚರಮ್ಮನ ಪರವಾಗಿ ಅವರ ಸೊಸೆ ಬರೆದಳು, ಅವರಿಗೆ ಈಗ ಬೆರಳು ಆಡುವುದಿಲ್ಲವಂತೆ. ಮಾಮನ ಮಗಳು ಬಂದಳು, ಏನೂ ಬರೆಯಲಿಲ್ಲ, ಹೆಸರು ಮಾತ್ರ ಬದಿಯಲ್ಲಿ ಸಂಜೆಯವರೆಗೆ ಕಾಣುತ್ತಿತ್ತು. ಕಂಡಕ್ಟರ್ ಬರಬಹುದೆಂದು ಅತ್ತಿಗೆ ಕಾದರು. ಇದ್ದಾರೋ ಇಲ್ಲವೋ ಎಂಬುದೂ ನಮಗೆ ಗೊತ್ತಿಲ್ಲ. ಐದೂವರೆಗೆ ಬರೆಯುವ ಚೌಕ ತೆಗೆದುಹಾಕಿದರು. ಎದ್ದು ಹೋಗಿ ಒಣಗಿದ ಬಟ್ಟೆ ತಂದು, ಮಡಿಚಿ, ನನ್ನವು ನನಗೆ, ಅವರವು ಅವರಿಗೆ ಎಂದು ವಿಂಗಡಿಸಿಟ್ಟರು.

ಈಗ ಬೆಳಿಗ್ಗೆ ಹೊತ್ತು ನನ್ನ ಹೊಲಿಗೆ ಕೋಣೆಗೆ ಬಂದು ಕಚ್ಚಾ ಹೊಲಿಗೆಯ ದಾರ ಬಿಚ್ಚಿಕೊಡುತ್ತಾರೆ. ಒಂದು ಎಳೆಯನ್ನೂ ಉಳಿಸುವುದಿಲ್ಲ. ಯಾರಾದರೂ ಹಳೆಯ ಪರಿಚಯದವರು ಬಂದು, ಎಷ್ಟು ವರ್ಷ ಎಷ್ಟು ಜನಕ್ಕೆ ಆಸರೆಯಾದಿರಿ ಎಂದು ಬರೆದು ತೋರಿಸಿದರೆ, ನಡೆಸಿದೆ, ಸರಿಯಾಗಿ ನಡೆಸಲಿಲ್ಲ, ಎನ್ನುತ್ತಾರೆ. ಮೊದಮೊದಲು ನಾನು ಮಧ್ಯೆ ಬಾಯಿ ಹಾಕುತ್ತಿದ್ದೆ. ಈಗ ನನ್ನ ಹೊಲಿಗೆ ಮುಂದುವರಿಸುತ್ತೇನೆ. ಮಾಮನ ಮಗಳು ಮೊನ್ನೆ ಅಂಗಡಿಯಲ್ಲಿ ಸಿಕ್ಕಾಗ, ಅಪ್ಪನವು ಇನ್ನೂ ಇನ್ನೂರರಷ್ಟು ಉಳಿದಿವೆ, ಈಗ ವಾರಕ್ಕೆ ಒಂದು ಮಾತ್ರ ಓದುತ್ತೇನೆ, ಎಂದಳು.